ಪಿನ್ನು ಕೂತಿತು, ಚಿತ್ರ ಬರಲಿಲ್ಲ: ಡಬ್ಬಾ ಟಿವಿಗೆ ಕಂಪ್ಯೂಟರ್ ಜೋಡಿಸುವ ಬಗ್ಗೆ

ಪ್ರಶ್ನೆ: ನಮ್ಮದು ಕೊಡಗಿನ ಮೂರ್ನಾಡು ಹತ್ತಿರ ತೋಟದ ಮನೆ. ಬೆಂಗಳೂರಿನಲ್ಲಿರುವ ಮಗ ಒಂದು ಮಿನಿ ಕಂಪ್ಯೂಟರ್ ಕೊಟ್ಟುಹೋಗಿದ್ದಾನೆ. ಹಳೇ ಸಿನಿಮಾ, ಹಾಡು, ಫೋಟೋ ಎಲ್ಲಾ ಅದರಲ್ಲಿ ತುಂಬಿಸಿದ್ದಾನೆ. ಹಾಲ್‌ನಲ್ಲಿರುವುದು 1997ರಲ್ಲಿ ತಂದ 21 ಇಂಚಿನ ಡಬ್ಬಾ ಟಿವಿ. ಅತ್ತೆಗೆ ಅದೇ ಬೇಕು, ಹೊಸದು ತರಲು ಬಿಡುತ್ತಿಲ್ಲ. ಪೇಟೆಯಿಂದ 250 ರೂಪಾಯಿಯ ಒಂದು ವೈರ್ ತಂದೆ. ಒಂದು ಕಡೆ ಎಚ್‌ಡಿಎಂಐ, ಇನ್ನೊಂದು ಕಡೆ ಕೆಂಪು, ಬಿಳಿ, ಹಳದಿ ಪಿನ್ನು. ಏನೂ ಬರಲಿಲ್ಲ. ಆಮೇಲೆ ಎಚ್‌ಡಿಎಂಐಯನ್ನು ಈ ಪಿನ್ನಿಗೆ ಬದಲಾಯಿಸುವ ಒಂದು ಪುಟ್ಟ ಡಬ್ಬಿ ತಂದೆ. ಈಗ ಚಿತ್ರ ಬರುತ್ತೆ, ಆದರೆ ಕಪ್ಪು ಬಿಳುಪು. ಎಲ್ಲರೂ ಉದ್ದುದ್ದ ಕಾಣುತ್ತಾರೆ. ಕೆಲವು ಹಾಡಿನಲ್ಲಿ ಅರ್ಧ ಸದ್ದೇ ಇಲ್ಲ. ಹಳದಿ ಪಿನ್ನು ಮುಟ್ಟಿದರೆ ಜುಮ್ ಅನ್ನುತ್ತೆ. ಕಂಪ್ಯೂಟರ್ ಹಾಕಿದರೆ ಪಿಕ್ಚರ್ ಟ್ಯೂಬ್ ಒಡೆಯುತ್ತೆ ಅಂತ ಪಕ್ಕದ ತೋಟದವರು ಬೇರೆ ಹೆದರಿಸಿದ್ದಾರೆ. ಏನು ಮಾಡಲಿ? ಹಾಗೇ, ಅಟ್ಟದಲ್ಲಿ ಒಂದು ವಿಸಿಆರ್ ಮತ್ತು ಏಳು ಕ್ಯಾಸೆಟ್ ಇವೆ. ಒಂದರಲ್ಲಿ 1996ರ ಹುತ್ತರಿ, ಅಂದರೆ ನಮ್ಮ ಸುಗ್ಗಿ ಹಬ್ಬ ಇದೆ, ಈಗ ಇಲ್ಲದ ನಮ್ಮ ಮಾವ ಕದಿರು ತೆಗೆಯುವುದು. ಅದನ್ನು ಕಂಪ್ಯೂಟರಿಗೆ ಹಾಕಿಕೊಳ್ಳಬಹುದಾ?

ಉತ್ತರ: ಟಿವಿ ಬಗ್ಗೆ ಅಷ್ಟೆಲ್ಲಾ ಬರೆದಿದ್ದೀರಿ, ಕ್ಯಾಸೆಟ್ ವಿಷಯ ಕೊನೆಯಲ್ಲಿ "ಹಾಗೇ" ಅಂತ ಸೇರಿಸಿದ್ದೀರಿ. ನನ್ನ ಲೆಕ್ಕದಲ್ಲಿ ಇದು ಉಲ್ಟಾ ಆಗಬೇಕಿತ್ತು. ನಿಮ್ಮ ಟಿವಿ ಇನ್ನೆರಡು ವರ್ಷ ಸುಮ್ನೆ ಕೂತಿದ್ದರೂ ನಷ್ಟ ಏನಿಲ್ಲ. ಕೊಡಗಿನ ಅಟ್ಟದಲ್ಲಿರುವ ಕ್ಯಾಸೆಟ್ ಇನ್ನೊಂದು ಮಳೆಗಾಲ ತಡೆಯುತ್ತೆ ಅಂತ ಮಾತ್ರ ನಾನು ಹೇಳಲಾರೆ. ಆದರೂ ನೀವು ಕೇಳಿದ ಕ್ರಮದಲ್ಲೇ ಹೋಗೋಣ. ಟಿವಿ ಸರಿಯಾದರೆ ಕ್ಯಾಸೆಟ್ ಕೆಲಸಕ್ಕೂ ಅದೇ ಸಹಾಯಕ್ಕೆ ಬರುತ್ತೆ.

ಮೊದಲು ಪಕ್ಕದ ತೋಟದವರ ಮಾತು. ಟ್ಯೂಬ್ ಒಡೆಯಲ್ಲ. ಟ್ಯೂಬಿಗೆ ಬೇಕಾದ 20–25 ಸಾವಿರ ವೋಲ್ಟನ್ನು ಟಿವಿ ತನ್ನೊಳಗೇ ತಯಾರಿಸಿಕೊಳ್ಳುತ್ತೆ. ಹಳದಿ ಪಿನ್ನಿನಲ್ಲಿ ಬರುವ ಸಿಗ್ನಲ್ ಬರೀ ಒಂದು ವೋಲ್ಟ್. ಅದು ಟ್ಯೂಬಿಗೆ ಏನು ಮಾಡಲು ಸಾಧ್ಯ? ಆದರೆ ಈ ಹೆದರಿಕೆ ಪೂರ್ತಿ ಗಾಳಿಮಾತೂ ಅಲ್ಲ. ಹಿಂದೆ ಕೆಲವು ಕಂಪ್ಯೂಟರ್ ಮಾನಿಟರ್‌ಗಳು ಒಂದೇ ಸ್ಕ್ಯಾನ್ ದರಕ್ಕೆ, ಅಂದರೆ ಪರದೆಯ ಮೇಲೆ ಗೆರೆ ಎಳೆಯುವ ಒಂದೇ ವೇಗಕ್ಕೆ ಮಾಡಿದವಾಗಿದ್ದವು. ಬೇರೆ ದರ ಕೊಟ್ಟರೆ ಒಳಗಿನ ಭಾಗ ಸುಡುತ್ತಿತ್ತು. ಆ ಕಥೆ ಬಾಯಿಂದ ಬಾಯಿಗೆ ಬಂದು ಟಿವಿಗೂ ಅಂಟಿಕೊಂಡಿರಬೇಕು. ನಿಮ್ಮ ಟಿವಿಗೆ ನಿಜವಾಗಿ ಆಗಬಹುದಾದ ಹಾನಿ ಒಂದೇ. ಬ್ರೈಟ್‌ನೆಸ್ ಜಾಸ್ತಿ ಇಟ್ಟು, ಅಲುಗಾಡದ ಒಂದೇ ಚಿತ್ರವನ್ನು ದಿನಗಟ್ಟಲೆ ಬಿಟ್ಟರೆ ಪರದೆಯ ಮೇಲೆ ಅದರ ನೆರಳು ಉಳಿದುಬಿಡುತ್ತೆ. ಕಂಪ್ಯೂಟರಿನಲ್ಲಿ ಸ್ಕ್ರೀನ್ ಸೇವರ್ ಐದು ನಿಮಿಷಕ್ಕೆ ಇಟ್ಟರೆ ಮುಗಿಯಿತು. ಒಂದು ಮಾತು, ಟಿವಿಯ ಹಿಂದಿನ ಮುಚ್ಚಳ ಮಾತ್ರ ನೀವು ತೆಗೆಯಬೇಡಿ. ಪ್ಲಗ್ ಕಿತ್ತ ಮೇಲೂ ಟ್ಯೂಬಿನಲ್ಲಿ ಚಾರ್ಜ್ ಉಳಿದಿರುತ್ತೆ. ಇಷ್ಟು ವರ್ಷ ಟಿವಿ ರಿಪೇರಿ ಮಾಡಿದ ನಾನೇ ಇವತ್ತಿಗೂ ಒಂದು ಕೈ ಜೇಬಿನಲ್ಲಿಟ್ಟುಕೊಂಡು ಅದನ್ನು ಮುಟ್ಟುತ್ತೇನೆ.

ಇನ್ನು ಆ 250 ರೂಪಾಯಿ ವೈರ್. ಅದು ನಿಮ್ಮ ಟಿವಿಗೆ ಯಾವತ್ತೂ ಕೆಲಸ ಮಾಡಲ್ಲ. ಟಿವಿಯದ್ದೂ ತಪ್ಪಲ್ಲ, ಕಂಪ್ಯೂಟರಿನದ್ದೂ ತಪ್ಪಲ್ಲ. ಎಚ್‌ಡಿಎಂಐ ಕಳಿಸುವುದು ಡಿಜಿಟಲ್ ಸಿಗ್ನಲ್. ಚಿತ್ರವನ್ನು ಸೊನ್ನೆ ಒಂದು ಲೆಕ್ಕದಲ್ಲಿ ಮೂರು ಜೋಡಿ ತಂತಿಗಳಲ್ಲಿ ಭಯಂಕರ ವೇಗವಾಗಿ ತಳ್ಳುತ್ತೆ. ನಿಮ್ಮ ಟಿವಿಗೆ ಗೊತ್ತಿರುವುದು ಒಂದೇ ತಂತಿಯಲ್ಲಿ ಬರುವ ಅನಲಾಗ್ ಅಲೆ. ಸೆಕೆಂಡಿಗೆ 50 ಅರ್ಧ ಚಿತ್ರ, ಒಟ್ಟು 625 ಗೆರೆ, ಅದರಲ್ಲಿ ಕಣ್ಣಿಗೆ ಕಾಣುವುದು 576. ಮಧ್ಯೆ ಯಾರಾದರೂ ಕೂತು ಅದನ್ನು ಇದಕ್ಕೆ ಬದಲಾಯಿಸಬೇಕು. ಬರೀ ತಾಮ್ರದ ತಂತಿ ಆ ಕೆಲಸ ಮಾಡಲ್ಲ. ಅದಕ್ಕೆ ಚಿಪ್ ಬೇಕು, ಚಿಪ್ಪಿಗೆ ಕರೆಂಟ್ ಬೇಕು. ಹಾಗಾಗಿ ಅಂಗಡಿಯಲ್ಲಿ ನೋಡಬೇಕಾದದ್ದು ಇಷ್ಟೇ: 5 ವೋಲ್ಟ್ ಯುಎಸ್‌ಬಿ ಕರೆಂಟ್ ಕೊಡಲು ಜಾಗ ಇದೆಯಾ? ಇಲ್ಲದಿದ್ದರೆ ದುಡ್ಡು ಕೊಡಬೇಡಿ. ಆ ವೈರ್ ಹಿಡಿದುಕೊಂಡು "ಟಿವಿ ಕೆಟ್ಟಿದೆ ನೋಡಿ" ಅಂತ ನನ್ನ ಹತ್ತಿರ ಬಂದವರ ಲೆಕ್ಕ ನಾನು ಇಟ್ಟಿಲ್ಲ.

ಎರಡನೇ ಸಲ ನೀವು ತಂದ ಡಬ್ಬಿ ಸರಿಯಾದದ್ದೇ, ಚಿತ್ರ ಬಂದಿದೆಯಲ್ಲ. ಇಲ್ಲೂ ಒಂದು ಮೋಸ ಇದೆ. ಇದೇ ಬಣ್ಣ, ಇದೇ ಗಾತ್ರದಲ್ಲಿ ಎರಡು ಥರದ ಡಬ್ಬಿ ಸಿಗುತ್ತೆ. ಒಂದು ಎಚ್‌ಡಿಎಂಐಯಿಂದ ಎವಿಗೆ, ಅಂದರೆ ಕೆಂಪು, ಬಿಳಿ, ಹಳದಿ ಪಿನ್ನಿಗೆ, ಇನ್ನೊಂದು ಎವಿಯಿಂದ ಎಚ್‌ಡಿಎಂಐಗೆ. ಒಂದರ ಕೆಲಸ ಇನ್ನೊಂದು ಮಾಡಲ್ಲ. ತಿರುಗಿಸಿ ಹಾಕಿದರೂ ಇಲ್ಲ.

ಕಪ್ಪು ಬಿಳುಪಿಗೆ ಮದ್ದು ಆ ಡಬ್ಬಿಯ ಪಕ್ಕದಲ್ಲೇ ಇದೆ. ಬೆರಳುಗುರಿನಲ್ಲಿ ತಳ್ಳುವಂಥ ಒಂದು ಪುಟ್ಟ ಸ್ವಿಚ್ ಹುಡುಕಿ. ಒಂದು ಬದಿ ಎನ್‌ಟಿಎಸ್‌ಸಿ, ಇನ್ನೊಂದು ಬದಿ ಪಾಲ್ ಅಂತ ಇಂಗ್ಲಿಷಿನಲ್ಲಿ ಇರುತ್ತೆ. ಇವು ಹಳೇ ಅನಲಾಗ್ ಟಿವಿಯ ಎರಡು ಬಣ್ಣದ ಪದ್ಧತಿ. ಅಮೆರಿಕ, ಜಪಾನ್‌ಗಳದ್ದು ಎನ್‌ಟಿಎಸ್‌ಸಿ. ನಮ್ಮದು ಪಾಲ್. 1982ರ ಏಷ್ಯನ್ ಗೇಮ್ಸ್ ಹೊತ್ತಿಗೆ ನಮ್ಮಲ್ಲಿ ಬಣ್ಣದ ಟಿವಿ ಬಂದಾಗಿನಿಂದ ಅದೇ. ಎರಡರಲ್ಲೂ ಬಣ್ಣದ ಸಿಗ್ನಲ್ ಬೇರೆ ಬೇರೆ ಜಾಗದಲ್ಲಿರುತ್ತೆ. ಪಾಲ್‌ನಲ್ಲಿ 4.43 ಮೆಗಾಹರ್ಟ್ಸ್, ಎನ್‌ಟಿಎಸ್‌ಸಿಯಲ್ಲಿ 3.58. ನಿಮ್ಮ ಟಿವಿ 4.43ರಲ್ಲಿ ಬಣ್ಣ ಹುಡುಕುತ್ತೆ, ಅಲ್ಲಿ ಏನೂ ಸಿಗಲ್ಲ, ಕಪ್ಪು ಬಿಳುಪು ತೋರಿಸಿ ಸುಮ್ಮನಾಗುತ್ತೆ. ಸ್ವಿಚ್ ತಳ್ಳಿ, ಡಬ್ಬಿಯ ಕರೆಂಟ್ ತೆಗೆದು ಮತ್ತೆ ಕೊಡಿ. ಆಗಲೂ ಬಣ್ಣ ಬರದಿದ್ದರೆ ಟಿವಿಯ ಮೆನುವಿನಲ್ಲಿ ಕಲರ್ ಸಿಸ್ಟಮ್ ಅಂತ ಇದ್ದರೆ ಅದನ್ನು ಆಟೋ ಅಥವಾ ಪಾಲ್ ಮಾಡಿ.

ಜನ ಉದ್ದುದ್ದ ಕಾಣುವುದು ಯಾಕೆಂದರೆ ಕಂಪ್ಯೂಟರ್ 16:9ರ ಅಗಲ ಚಿತ್ರ ಕಳಿಸುತ್ತಿದೆ, ಡಬ್ಬಿ ಅದನ್ನು ನಿಮ್ಮ 4:3 ಪರದೆಗೆ ಎರಡೂ ಪಕ್ಕದಿಂದ ಒತ್ತಿ ತುಂಬಿಸುತ್ತಿದೆ. ಕಂಪ್ಯೂಟರಿನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 1024×768 ಆರಿಸಿ ನೋಡಿ. ಅದೂ 4:3, ಟಿವಿಯೂ 4:3, ಎಲ್ಲರೂ ತಮ್ಮ ತಮ್ಮ ಮೈಕಟ್ಟಿಗೆ ವಾಪಸ್ ಬರುತ್ತಾರೆ. ಅಕ್ಕಪಕ್ಕ ಕಪ್ಪು ಪಟ್ಟಿ ಬಂದರೆ ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿ ಸ್ಕೇಲಿಂಗನ್ನು ಫುಲ್ ಸ್ಕ್ರೀನ್ ಮಾಡಿ. ಕೆಲವು ಡಬ್ಬಿಗಳು ಈ ಅಳತೆಯನ್ನು ಒಪ್ಪುವುದಿಲ್ಲ. ಆಗ ವಿಎಲ್‌ಸಿ ಅನ್ನುವ ವಿಡಿಯೋ ಪ್ಲೇಯರ್ ಸಾಫ್ಟ್‌ವೇರಿನಲ್ಲಿ ಸಿನಿಮಾ ಹಾಕಿ ಕೀಬೋರ್ಡಿನ ಎ ಕೀ ಒತ್ತುತ್ತಾ ಹೋಗಿ. ಒತ್ತಿದಾಗೆಲ್ಲ ಚಿತ್ರದ ಆಕಾರ ಬದಲಾಗುತ್ತೆ. ಮುಖ ಸರಿ ಕಂಡಲ್ಲಿ ನಿಲ್ಲಿಸಿ.

ಅರ್ಧ ಸದ್ದಿನ ವಿಷಯ ಸುಲಭ. ನಿಮ್ಮ ಟಿವಿಯಲ್ಲಿ ಹಳದಿ ಪಕ್ಕ ಬಿಳಿ ಸಾಕೆಟ್ ಒಂದೇ ಇರಬೇಕು, ಕೆಂಪು ಇರಲಿಕ್ಕಿಲ್ಲ. ಅಂದರೆ ಮೋನೋ ಟಿವಿ. ಬಿಳಿ ಪಿನ್ನಿನಲ್ಲಿ ಎಡಗಡೆಯ ಸದ್ದು ಮಾತ್ರ ಬರುತ್ತೆ, ಬಲಗಡೆಯದ್ದು ಜೋತಾಡುವ ಕೆಂಪು ಪಿನ್ನಿನಲ್ಲೇ ಉಳಿಯುತ್ತೆ. ವಿಂಡೋಸ್ 10 ಅಥವಾ 11 ಇದ್ದರೆ ಸೆಟ್ಟಿಂಗ್‌ನಲ್ಲಿ ಮೋನೋ ಆಡಿಯೋ ಅಂತ ಇದೆ. ಅದನ್ನು ಆನ್ ಮಾಡಿ. ಎರಡೂ ಕಡೆಯ ಸದ್ದು ಸೇರಿ ಬಿಳಿ ಪಿನ್ನಿಗೇ ಬರುತ್ತೆ.

ಇಷ್ಟೆಲ್ಲಾ ಮಾಡಿದರೂ ಅಕ್ಷರ ಚೆನ್ನಾಗಿ ಕಾಣಲ್ಲ. ಅದನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಬೇಸರ ಮಾಡಿಕೊಳ್ಳಬೇಡಿ. 576 ಗೆರೆಯಲ್ಲಿ ಕಂಪ್ಯೂಟರಿನ ಸಣ್ಣ ಅಕ್ಷರ ಕೂರುವುದೇ ಇಲ್ಲ. ಜೊತೆಗೆ ಹಳದಿ ಪಿನ್ನಿನಲ್ಲಿ ಬಣ್ಣ, ಬೆಳಕು ಎರಡೂ ಒಂದೇ ತಂತಿಯಲ್ಲಿ ಬೆರೆತು ಬರುವುದರಿಂದ ಅಂಚುಗಳಲ್ಲಿ ಬಣ್ಣ ಹರಿದಾಡುತ್ತೆ. ಟಿವಿ ಚಿತ್ರದ ನಾಲ್ಕೂ ಅಂಚನ್ನು ಸ್ವಲ್ಪ ನುಂಗುತ್ತೆ ಕೂಡ, ಆ ಕಾಲದ ಟಿವಿಗಳು ಮಾಡಿದ್ದೇ ಹಾಗೆ. ವಿಂಡೋಸಿನ ಕೆಳಗಿನ ಪಟ್ಟಿ ಕಾಣದೆ ಹೋದರೆ ಗಾಬರಿ ಬೇಡ. ಇದಕ್ಕೆ ನನ್ನ ಸಲಹೆ ಕೋಡಿ ಅನ್ನುವ ಪುಕ್ಕಟೆ ಸಾಫ್ಟ್‌ವೇರ್. ಅಕ್ಷರ ದಪ್ಪ, ರಿಮೋಟಿನಲ್ಲಿ ನಡೆಸಬಹುದು, ಚಿತ್ರದ ಅಂಚನ್ನು ಒಳಕ್ಕೆ ಎಳೆದುಕೊಳ್ಳುವ ಸೌಲಭ್ಯ ಅದರಲ್ಲೇ ಇದೆ. ಅತ್ತೆಯವರಿಗೂ ಎರಡು ದಿನದಲ್ಲಿ ಅಭ್ಯಾಸ ಆಗುತ್ತೆ. ಹಳೇ ಸಿನಿಮಾ ಮಾತ್ರ ಈ ಟಿವಿಯಲ್ಲಿ ನೀವು ಅಂದುಕೊಂಡಿದ್ದಕ್ಕಿಂತ ಚೆನ್ನಾಗಿ ಕಾಣುತ್ತೆ. ದೊಡ್ಡ ಎಲ್‌ಇಡಿ ಪರದೆಯಲ್ಲಿ ಕಡಿಮೆ ಗುಣಮಟ್ಟದ ಫೈಲ್ ಹಾಕಿದರೆ ಚೌಕಚೌಕ ಎದ್ದು ಕಾಣುತ್ತೆ. ಡಬ್ಬಾ ಟಿವಿ ಅದನ್ನೆಲ್ಲ ನಯವಾಗಿ ಮುಚ್ಚಿಹಾಕುತ್ತೆ. ಅತ್ತೆಯವರ ಹಟದಲ್ಲಿ ಸ್ವಲ್ಪ ನ್ಯಾಯ ಇದೆ ಅಂದ ಹಾಗಾಯಿತು.

ಒಟಿಟಿ ಆ್ಯಪ್ ಹಾಕಿದಾಗ ಸದ್ದು ಬಂದು ಚಿತ್ರ ಕಪ್ಪಾದರೆ ಅದೂ ಕೆಟ್ಟದ್ದಲ್ಲ. ನಕಲು ತಡೆಯಲು ಎಚ್‌ಡಿಎಂಐಯಲ್ಲಿ ಒಂದು ಬೀಗ ಇದೆ. ಅನಲಾಗ್ ಡಬ್ಬಿ ಕಂಡರೆ ಕೆಲವು ಆ್ಯಪ್ ಆ ಬೀಗ ತೆರೆಯಲ್ಲ. ಮಗ ತುಂಬಿಸಿಕೊಟ್ಟ ಫೈಲ್‌ಗಳಿಗೆ ಈ ತೊಂದರೆ ಇಲ್ಲ.

ಈಗ ಜುಮ್ ಅನ್ನುವ ವಿಷಯ. ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಕಳವಳ ತಂದ ಸಾಲು ಅದು. ಕಂಪ್ಯೂಟರ್, ಡಿಶ್ ಬಾಕ್ಸ್ ಇವುಗಳ ಪವರ್ ಸಪ್ಲೈ ಒಳಗೆ ಸಣ್ಣ ಕೆಪ್ಯಾಸಿಟರ್‌ಗಳಿರುತ್ತವೆ. ಅವುಗಳ ಮೂಲಕ ಒಂಚೂರು ಕರೆಂಟ್ ಹೊರಗಿನ ಲೋಹಕ್ಕೆ ಸೋರುತ್ತೆ. ಅರ್ಥಿಂಗ್ ಸರಿ ಇದ್ದರೆ ಅದು ನೆಲಕ್ಕೆ ಹೋಗುತ್ತೆ. ಇಲ್ಲದಿದ್ದರೆ ನೀವು ಮುಟ್ಟುವ ತನಕ ಕಾಯುತ್ತೆ. ಕರೆಂಟ್ ಬಹಳ ಕಡಿಮೆ, ಹಾಗಾಗಿ ಜುಮ್ ಅನ್ನುತ್ತೆ ಅಷ್ಟೇ. ಆದರೆ ನಮ್ಮ ಕಡೆಯ ಹಳೇ ತೋಟದ ಮನೆಗಳನ್ನು ನಾನು ಕಂಡಿದ್ದೇನೆ. ಮರದ ಪಟ್ಟಿಯ ಮೇಲಿನ ವೈರಿಂಗ್, ಆಮೇಲೆ ಯಾರೋ ಹಾಕಿದ ಮೂರು ಪಿನ್ನಿನ ಸಾಕೆಟ್. ಮೇಲಿನ ದೊಡ್ಡ ತೂತಿನ ಹಿಂದೆ ತಂತಿಯೇ ಇರಲ್ಲ. ತಂತಿ ಇದ್ದರೂ ಅರ್ಥಿಂಗ್ ಗುಂಡಿ ಫೆಬ್ರವರಿ ಹೊತ್ತಿಗೆ ಒಣಗಿ ಕಲ್ಲಾಗಿರುತ್ತೆ. ಎಲೆಕ್ಟ್ರಿಷಿಯನ್ ಕರೆಸಿ ಇದೊಂದನ್ನು ಅಳೆಸಿ. ಬೇಸಿಗೆಯಲ್ಲಿ ಆ ಗುಂಡಿಗೆ ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕಿ. ಜುಮ್ ಅನ್ನುವುದು ಬಿಟ್ಟು ಕೈ ಝಾಡಿಸುವಂಥ ಹೊಡೆತ ಬಂದರೆ ಮಾತ್ರ ಅದು ಬೇರೆ ದೋಷ. ತಕ್ಷಣ ಮೇನ್ ಸ್ವಿಚ್ ಆಫ್ ಮಾಡಿ.

ಅಲ್ಲಿಯ ತನಕ ಒಂದು ರೂಢಿ ಮಾಡಿಕೊಳ್ಳಿ. ಕರೆಂಟ್ ಇರುವಾಗ ಪಿನ್ನು ಹಾಕುವುದು, ತೆಗೆಯುವುದು ಬೇಡ. ಎಲ್ಲಾ ಪ್ಲಗ್ ಕಿತ್ತು, ಡಿಶ್ ಕೇಬಲನ್ನೂ ಕಿತ್ತು, ಪಿನ್ನು ಜೋಡಿಸಿ, ಆಮೇಲೆ ಕರೆಂಟ್ ಕೊಡಿ. ನಿಮ್ಮ ಬೆರಳಿಗೆ ಜುಮ್ ಅನ್ನಿಸಿದ್ದು ಎಚ್‌ಡಿಎಂಐ ಚಿಪ್ಪಿಗೆ ಸಾವು. ಪಿನ್ನು ಹಾಕುವಾಗ ಕಂಡೂ ಕಾಣದಂಥ ಒಂದು ಕಿಡಿ ಸಾಕು. ಚಿತ್ರದಲ್ಲಿ ಅಡ್ಡ ಪಟ್ಟಿಯೊಂದು ನಿಧಾನವಾಗಿ ಮೇಲೇರುತ್ತಿದ್ದರೆ ಡಿಶ್ ಕೇಬಲ್ ಬಿಚ್ಚಿ ನೋಡಿ. ಪಟ್ಟಿ ಮಾಯ ಆದರೆ ಅದೂ ಇದೇ ಅರ್ಥಿಂಗ್ ಗಲಾಟೆ.

ಸಿಡಿಲಿನ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ. ಕಾಫಿ ಹೂ ಅರಳಿಸುವ ಹೂಮಳೆ ಬಂತು ಅಂತ ತೋಟದವರೆಲ್ಲ ಖುಷಿಯಾಗಿರುವ ಮಾರ್ಚ್, ಏಪ್ರಿಲ್‌ನಲ್ಲೇ ನನ್ನ ಮೇಜಿನ ಮೇಲೆ ಸುಟ್ಟ ಬೋರ್ಡು ರಾಶಿ ಬೀಳುವುದು. ಗುಡುಗು ಕೇಳಿಸಿದ ಕೂಡಲೇ ಪ್ಲಗ್ ಕೀಳುತ್ತಾರೆ, ಡಿಶ್ ಕೇಬಲ್ ಮರೆಯುತ್ತಾರೆ. ಇಷ್ಟು ದಿನ ಆ ಕೇಬಲಿನಲ್ಲಿ ಬಂದ ಹೊಡೆತ ಟಿವಿಯ ತನಕ ಬರುತ್ತಿತ್ತು. ಈಗ ಡಬ್ಬಿ ದಾಟಿ ಕಂಪ್ಯೂಟರಿನ ತನಕವೂ ದಾರಿ ಆಗಿದೆ. ಸ್ಪೈಕ್ ಬಸ್ಟರ್ ಇದೆ ಅಂತ ಧೈರ್ಯ ಮಾಡಬೇಡಿ.

ಬೇರೆ ದಾರಿಗಳೂ ಇವೆ. ನಿಮ್ಮ ಟಿವಿಯಲ್ಲಿ ಎಸ್ ವಿಡಿಯೋ ಅನ್ನುವ ನಾಲ್ಕು ಸೂಜಿಯ ದುಂಡು ಸಾಕೆಟ್ ಇದ್ದರೆ, ಅದಕ್ಕೆ ಹೊಂದುವ ಡಬ್ಬಿ ತಂದರೆ ಅಂಚಿನ ಬಣ್ಣದ ಹರಿದಾಟ ನಿಲ್ಲುತ್ತೆ. ಮಗ ಆಸಕ್ತಿ ಇರುವವನಾದರೆ ರಾಸ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡಿನ 3 ಅಥವಾ 4ನೇ ಮಾದರಿ ಕೊಳ್ಳಬಹುದು. ಅದರ ಹೆಡ್‌ಫೋನ್ ತೂತಿನಿಂದಲೇ ಹಳದಿ ಪಿನ್ನಿನ ಸಿಗ್ನಲ್ ಬರುತ್ತೆ, ಡಬ್ಬಿಯೇ ಬೇಡ. ಆದರೆ ಹಳೇ ಹ್ಯಾಂಡಿಕ್ಯಾಮಿನ ವೈರ್ ಅದಕ್ಕೆ ಹಾಕಿದರೆ ಕೆಲವೊಮ್ಮೆ ಆಗಲ್ಲ, ಒಳಗಿನ ಜೋಡಣೆಯ ಕ್ರಮ ಬೇರೆ. ಪೈ 5ರಲ್ಲಿ ಆ ತೂತೇ ಇಲ್ಲ. ಪಕ್ಕದ ತೋಟದವರದ್ದು ಇನ್ನೂ ಹಳೇ ಟಿವಿ, ಬರೀ ಆಂಟೆನಾ ತೂತು ಮಾತ್ರ ಇರುವಂಥದ್ದಾದರೆ, ವಿಸಿಆರನ್ನು ನಡುವೆ ಇಟ್ಟು ಅದರ ಆಂಟೆನಾ ಔಟ್‌ನಿಂದ ಟಿವಿಗೆ ಕೊಟ್ಟು ಚಾನೆಲ್ ಟ್ಯೂನ್ ಮಾಡಬಹುದು. ಅಂಥ ಟಿವಿಯೊಳಗೆ ಎವಿ ಸಾಕೆಟ್ ಹೊಸದಾಗಿ ಕೂರಿಸಿಕೊಡುತ್ತೇನೆ ಅಂತ ಯಾರಾದರೂ ಬಂದರೆ ಬೇಡ ಅನ್ನಿ. ಆ ಕಾಲದ ಕೆಲವು ಸೆಟ್‌ಗಳ ಚಾಸಿಯಲ್ಲೇ, ಅಂದರೆ ಒಳಗಿನ ಲೋಹದ ಚೌಕಟ್ಟಿನಲ್ಲೇ, ಮೇನ್ಸ್ ಕರೆಂಟ್ ಹರಿಯುತ್ತಿರುತ್ತೆ. ಸಾಕೆಟ್ ಕೂರಿಸಿದರೆ ಅದು ಕೈಗೆ ಸಿಗುವ ಜಾಗಕ್ಕೆ ಬಂತು ಅಂತ ಲೆಕ್ಕ.

ಸರಿ, ಅಟ್ಟ ಹತ್ತೋಣ.

ಕ್ಯಾಸೆಟ್ ಕೆಳಗಿಳಿಸಿ ಹಗಲು ಬೆಳಕಿಗೆ ಹಿಡಿಯಿರಿ. ಮೇಲಿನ ಪಾರದರ್ಶಕ ಕಿಟಕಿಯಲ್ಲಿ ಸುತ್ತಿದ ಟೇಪಿನ ಅಂಚು ಕಾಣುತ್ತೆ. ಅದು ಕಪ್ಪಗೆ, ಹೊಳಪಾಗಿ, ಒಂದೇ ಸಮ ಇರಬೇಕು. ಹಿಟ್ಟು ಚೆಲ್ಲಿದ ಹಾಗೆ ಬಿಳಿ ಚುಕ್ಕೆ, ಬಿಳಿ ಎಳೆ ಕಂಡರೆ ಅದು ಬೂಷ್ಟು. ಚಪ್ಪಲಿ, ಬೆಲ್ಟು, ಪುಸ್ತಕ ಎಲ್ಲಕ್ಕೂ ಜುಲೈಯಲ್ಲಿ ಹಿಡಿಯುತ್ತಲ್ಲ, ಅದೇ. ಬೂಷ್ಟು ಹಿಡಿದ ಕ್ಯಾಸೆಟನ್ನು ವಿಸಿಆರ್‌ಗೆ ಹಾಕಲೇಬೇಡಿ. ಒಳಗೆ ನಿಮಿಷಕ್ಕೆ 1500 ಸುತ್ತು ತಿರುಗುವ ಡ್ರಮ್ ಇದೆ. ಅದರ ಹೆಡ್‌ಗಳು ಕೂದಲಿಗಿಂತ ಸಣ್ಣ ಸಂದಿನಿಂದ ಚಿತ್ರ ಓದುತ್ತವೆ. ಬೂಷ್ಟು ಅಲ್ಲಿ ಮೆತ್ತಿಕೊಳ್ಳುತ್ತೆ, ಟೇಪ್ ಅಂಟಿ ಹರಿಯಬಹುದು. ಒಂದು ಕ್ಯಾಸೆಟಿನದ್ದು ಉಳಿದ ಆರಕ್ಕೂ ಹರಡುತ್ತೆ. ಅಂಥದ್ದನ್ನು ಬೇರೆ ಕವರಿನಲ್ಲಿ ಕಟ್ಟಿಡಿ. ಟೇಪ್ ಸ್ವಚ್ಛ ಮಾಡುವ ಸಾಧನ ಇರುವವರ ಹತ್ತಿರವೇ ಕೊಡಿ. ಬಿಸಿಲಿಗೆ ಇಡುವುದು, ಹೇರ್ ಡ್ರೈಯರ್ ಹಿಡಿಯುವುದು, ಒದ್ದೆ ಬಟ್ಟೆಯಲ್ಲಿ ಒರೆಸುವುದು, ಈ ಮೂರನ್ನೂ ಮಾಡಿ ಟೇಪ್ ಹಾಳುಮಾಡಿಕೊಂಡವರನ್ನು ನೋಡಿದ್ದೇನೆ.

ವಿಸಿಆರ್ ಬಗ್ಗೆಯೂ ಅವಸರ ಬೇಡ. ಎರಡು ದಿನ ಬೆಚ್ಚಗಿನ ಕೋಣೆಯಲ್ಲಿ ಇಡಿ. ಥಂಡಿ ಜಾಗದಿಂದ ತಂದ ಕೂಡಲೇ ಡ್ರಮ್ ಮೇಲೆ ಇಬ್ಬನಿ ಕೂರುತ್ತೆ, ಟೇಪ್ ಅದಕ್ಕೆ ಅಂಟಿಕೊಳ್ಳುತ್ತೆ. ಅದಕ್ಕೇ ಕೆಲವು ವಿಸಿಆರ್‌ಗಳಲ್ಲಿ ತೇವ ಕಂಡುಹಿಡಿಯುವ ಸೆನ್ಸರ್ ಇರುತ್ತಿತ್ತು. ಮಳೆಗಾಲದಲ್ಲಿ ನಮ್ಮೂರಿನ ವಿಸಿಆರ್‌ಗಳು ಮುಷ್ಕರ ಹೂಡುತ್ತಿದ್ದದ್ದು ಆ ಸೆನ್ಸರಿನಿಂದ. ಮೊದಲು ಬೇಡದ ಕ್ಯಾಸೆಟ್ ಒಂದನ್ನು, ಹಳೇ ಸಿನಿಮಾದ್ದೋ ಯಾವುದೋ, ಹಾಕಿ ನೋಡಿ. ಅದನ್ನು ನುಂಗದೆ ವಾಪಸ್ ಕೊಟ್ಟರೆ ಮುಂದಿನ ಮಾತು. ಹೆಡ್ ಸ್ವಚ್ಛ ಮಾಡಲು ಕಿವಿಗೆ ಹಾಕುವ ಹತ್ತಿ ಕಡ್ಡಿ ಬಳಸಬೇಡಿ, ಎಳೆ ಸಿಕ್ಕಿ ಹೆಡ್ ಮುರಿಯುತ್ತೆ. ಅದನ್ನು ಗೊತ್ತಿರುವವರಿಂದಲೇ ಮಾಡಿಸಿ. ಈ ಯಂತ್ರ ಹೋದರೆ ಹೊಸದು ಸಿಗಲ್ಲ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರ ಜುಲೈಯಲ್ಲಿ ನಿಲ್ಲಿಸಿತು.

ಕಂಪ್ಯೂಟರಿಗೆ ಇಳಿಸಲು ನಿಮ್ಮ ಈಗಿನ ಡಬ್ಬಿ ಬರಲ್ಲ. ಅದು ಹೊರಗೆ ಕಳಿಸುವುದಕ್ಕೆ. ಒಳಗೆ ತರಲು ಯುಎಸ್‌ಬಿ ಕ್ಯಾಪ್ಚರ್ ಕಡ್ಡಿ ಬೇಕು. ವಿಸಿಆರ್‌ನ ವಿಡಿಯೋ ಔಟ್, ಆಡಿಯೋ ಔಟ್‌ನಿಂದ ಆ ಕಡ್ಡಿಗೆ, ಕಡ್ಡಿ ಕಂಪ್ಯೂಟರಿಗೆ. ಅಳತೆ 720×576, ಸೆಕೆಂಡಿಗೆ 25 ಫ್ರೇಮ್, ಪಾಲ್. ಇದಕ್ಕಿಂತ ಜಾಸ್ತಿ ಇಟ್ಟರೆ ಫೈಲ್ ಊದುತ್ತೆ, ಚಿತ್ರ ಸುಧಾರಿಸಲ್ಲ. 6 ಮೆಗಾಬಿಟ್ ದರದಲ್ಲಿ ಗಂಟೆಗೆ ಸುಮಾರು 2.7 ಜಿಬಿ, ಮೂರು ಗಂಟೆಯ ಇಡೀ ಕ್ಯಾಸೆಟ್ 8 ಜಿಬಿ ಚಿಲ್ಲರೆ. ಟೇಪನ್ನು ಮೊದಲು ಪೂರ್ತಿ ಮುಂದಕ್ಕೆ, ಪೂರ್ತಿ ಹಿಂದಕ್ಕೆ ಒಮ್ಮೆ ಓಡಿಸಿ. ಆದರೆ ಮುಖ್ಯ ಕ್ಯಾಸೆಟನ್ನು ನೋಡುವುದಕ್ಕೆ ಅಂತ ಒಮ್ಮೆ, ರೆಕಾರ್ಡಿಗೆ ಅಂತ ಇನ್ನೊಮ್ಮೆ ಹಾಕಬೇಡಿ. ಮೊದಲ ಸಲ ಪ್ಲೇ ಮಾಡುವಾಗಲೇ ರೆಕಾರ್ಡ್ ಓಡುತ್ತಿರಲಿ. ಹಳೇ ಟೇಪಿಗೆ ಎರಡನೇ ಸಲ ಸಿಗುತ್ತೆ ಅನ್ನುವ ಖಾತ್ರಿ ಇಲ್ಲ. ಕರೆಂಟ್ ಹೋಗಿ ಟೇಪ್ ಡ್ರಮ್ಮಿಗೆ ಸುತ್ತಿದ ಹಾಗೇ ನಿಂತುಬಿಡದಿರಲು ವಿಸಿಆರ್, ಕಂಪ್ಯೂಟರ್ ಎರಡನ್ನೂ ಇನ್ವರ್ಟರ್ ಲೈನಿಗೆ ಹಾಕಿ.

ಇಲ್ಲಿಯೇ ನಿಮ್ಮ ಡಬ್ಬಾ ಟಿವಿ ಕೆಲಸಕ್ಕೆ ಬರುವುದು. ಹಳೇ ಟೇಪಿನ ಸಿಗ್ನಲ್ ಅಲುಗಾಡುತ್ತಿರುತ್ತೆ. ಕ್ಯಾಪ್ಚರ್ ಕಡ್ಡಿ ಅದನ್ನು ಸಹಿಸಲ್ಲ, ನೀಲಿ ಪರದೆ ತೋರಿಸುತ್ತೆ ಇಲ್ಲವೇ ನಡುನಡುವೆ ಚಿತ್ರ ಬಿಟ್ಟುಬಿಡುತ್ತೆ. ಡಬ್ಬಾ ಟಿವಿ ಅದೇ ಸಿಗ್ನಲನ್ನು ಹೇಗೋ ಹೊಂದಿಸಿಕೊಂಡು ತೋರಿಸುತ್ತೆ. ಹಾಗಾಗಿ ವಿಸಿಆರ್‌ನ ಆಂಟೆನಾ ಔಟ್ ಟಿವಿಗೆ, ವಿಡಿಯೋ ಔಟ್ ಕಡ್ಡಿಗೆ, ಎರಡೂ ಒಟ್ಟಿಗೆ ಹಾಕಿಡಿ. ಟಿವಿಯಲ್ಲಿ ಚಿತ್ರ ಇದ್ದು ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಟೇಪ್ ಸರಿ ಇದೆ, ಕಡ್ಡಿ ಸಾಲದು ಅಂತ ಅರ್ಥ. ಆಗ ನಿಲ್ಲಿಸಿ, ಕ್ಯಾಸೆಟನ್ನು ಸಿಗ್ನಲ್ ಸರಿಪಡಿಸುವ ಸಾಧನ ಇರುವ ಸ್ಟುಡಿಯೋಗೆ ಒಯ್ಯಿರಿ. ದುಡ್ಡು ಜಾಸ್ತಿ, ಆದರೆ ಆ ಒಂದು ಕ್ಯಾಸೆಟಿಗೆ ಕೊಡಬಹುದು. ಉಳಿದ ಆರು ಮನೆಯಲ್ಲೇ ಮಾಡಿಕೊಳ್ಳಿ.

ಮುಗಿದ ಮೇಲೆ ಕ್ಯಾಸೆಟ್ ಎಸೆಯಬೇಡಿ. ನಿಲ್ಲಿಸಿ ಇಡಿ, ಮಲಗಿಸಬೇಡಿ. ಗಾಳಿಯಾಡದ ಸ್ಟೀಲ್ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟು, ವರ್ಷಕ್ಕೆ ಎರಡು ಸಲ ಆ ಪೊಟ್ಟಣ ಬದಲಾಯಿಸಿ. ಫೈಲಿನ ಒಂದು ಪ್ರತಿ ಬೆಂಗಳೂರಿನಲ್ಲಿ ಮಗನ ಹತ್ತಿರ ಇರಲಿ.

ಹುತ್ತರಿ ಟೇಪ್ ನೋಡುವಾಗ ಒಂದು ಜಾಗದಲ್ಲಿ ಗಾಬರಿಯಾಗಬೇಡಿ. ಕದಿರು ತೆಗೆಯುವ ಮುಂಚೆ ಕೋವಿ ಹಾರಿಸುತ್ತಾರಲ್ಲ, ಆ ಗುಂಡಿನ ಸದ್ದು ಆದ ಕೂಡಲೇ ಬೆಳೆ ಸಮೃದ್ಧಿಯಾಗಲಿ ಅಂತ "ಪೊಲಿ ಪೊಲಿ" ಕೂಗುವ ದನಿ ಕ್ಷೀಣವಾಗಿ, ಎಲ್ಲೋ ದೂರದಿಂದ ಬಂದ ಹಾಗೆ ಕೇಳಿಸಬಹುದು. ಟೇಪ್ ಹಾಳಾಗಿದೆ ಅಂದುಕೊಂಡು ಸದ್ದು ತಿದ್ದಲು ಹೋಗಬೇಡಿ. ದೊಡ್ಡ ಸದ್ದು ಬಂದಾಗ ಕ್ಯಾಮೆರಾ ತಾನಾಗಿ ಮೈಕಿನ ಮಟ್ಟ ತಗ್ಗಿಸಿಕೊಳ್ಳುತ್ತಿತ್ತು. ಎರಡು ಮೂರು ಸೆಕೆಂಡ್ ಕಾಯಿರಿ, ಮಾವನವರ ದನಿ ಮೇಲೆ ಬರುತ್ತೆ.